ಅಪ್‌ಡೇಟ್: ಸೀರೆ ಅಂಗಡಿಯ ಚಿತ್ರಗಳಿಗೆ ಶುಲ್ಕ ನಿಗದಿಯಾಯಿತು

ದಾವಣಗೆರೆಯ ಸೀರೆ ಅಂಗಡಿಯೊಂದರ ಹಬ್ಬದ ಪ್ರಚಾರಕ್ಕೆ 12 ಚಿತ್ರಗಳನ್ನು ಬರೆಯಲು ಎಷ್ಟು ಕೇಳಬೇಕೆಂದು ಕಳೆದ ವಾರ ಇಲ್ಲಿ ವಿಚಾರಿಸಿದ್ದೆ. ಅಂಗಡಿಯವರು 15,000 ರೂಪಾಯಿ ಎಂದಿದ್ದರು. ನನ್ನ ಲೆಕ್ಕ ಚಿತ್ರಕ್ಕೆ 3,000ದಂತೆ 36,000 ಇತ್ತು. ನಿನ್ನೆ 30,000ಕ್ಕೆ ಒಪ್ಪಂದವಾಯಿತು.

ಮೊದಲು ದುಪ್ಪಟ್ಟು ಹೇಳಿ ನಂತರ ಇಳಿಸಬೇಕೆಂದು ಆಗ ಬಂದ ಸಲಹೆ ಫಲಿಸಲಿಲ್ಲ. ದಿನವಿಡೀ ಚೌಕಾಸಿ ಮಾಡುವ ಅಂಗಡಿಯ ಯಜಮಾನರು ಅದನ್ನು ಕೂಡಲೇ ಗುರುತಿಸಿ, ಮಾತನ್ನೇ ನಿಲ್ಲಿಸಿದರು. ನೆರವಾದದ್ದು, ದರವನ್ನು ಇಳಿಸದೆ ಕೆಲಸವನ್ನು ಇಳಿಸಿ ಎಂದ ಹಿರಿಯರೊಬ್ಬರ ಸಲಹೆ. ಕರಡು, ತಿದ್ದುಪಡಿ, ಅಂತಿಮ ಚಿತ್ರ ಇವುಗಳಿಗೆ ತಗಲುವ ದಿನಗಳನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರ ಮುಂದಿಟ್ಟು, ‘ಸರ್, ನಿಮ್ಮ ಬಜೆಟ್‌ಗೆ ಎಷ್ಟು ಚಿತ್ರ ಬೇಕೆಂದು ನೀವೇ ಹೇಳಿ’ ಎಂದು ಸುಮ್ಮನಾದೆ. ಆ ಮೌನ ನನಗೆ ಬಹಳ ಕಷ್ಟವಾಯಿತು. ಅವರು ಲೆಕ್ಕ ಹಾಕಿ 10 ಚಿತ್ರಗಳಿಗೆ ಒಪ್ಪಿದರು, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟರು.

ನನಗೆ ತಿಳಿಯದೇ ಇದ್ದ ಸಂಗತಿಯೊಂದಿದೆ: 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಕಲಮಿನಂತೆ ಕೃತಿಯ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದೇ ಪರಿಗಣಿಸಲಾಗುತ್ತದೆ. ಆದ್ದರಿಂದ ಈ ಚಿತ್ರಗಳನ್ನು 1 ವರ್ಷ ಮಾತ್ರ ಬಳಸಬಹುದೆಂದು ಒಪ್ಪಂದಪತ್ರದಲ್ಲಿ ಬರೆಸಿದ್ದೇನೆ. ಮುಂದಿನ ಹಬ್ಬಕ್ಕೆ ಬೇಕಾದರೆ ಹೊಸದಾಗಿ ಮಾತನಾಡುತ್ತೇವೆ.