ಮಗಳ ಇಂಜೆಕ್ಷನ್ ಬಗ್ಗೆ ನೀವು ಕೇಳಿದ್ದಕ್ಕೆ

ಆರು ವರ್ಷದ ಮಗಳ ದವಡೆ ಹಲ್ಲಿಗೆ ಚಿಕಿತ್ಸೆ ಆಗಬೇಕಿದೆ, ಇಂಜೆಕ್ಷನ್ ಎಂದರೆ ಬೆಚ್ಚಿಬೀಳುತ್ತಾಳೆ, "ನೋವೇ ಆಗುವುದಿಲ್ಲ" ಎಂದು ಪುಸಲಾಯಿಸಿ ಕರೆದೊಯ್ಯಲೇ ಎಂದು ಬೆಳಿಗ್ಗೆ ಕೇಳಿದ್ದಿರಿ. ದಯವಿಟ್ಟು ಹಾಗೆ ಹೇಳಬೇಡಿ. ಸೂಜಿ ತಾಗಿದ ಕ್ಷಣಕ್ಕೇ ಆ ಮಾತು ಸುಳ್ಳಾಗುತ್ತದೆ, ಆಮೇಲೆ ಅವಳು ಯಾರ ಮಾತನ್ನೂ ನಂಬುವುದಿಲ್ಲ. "ಸ್ವಲ್ಪ ಚಿವುಟಿದ ಹಾಗಾಗುತ್ತದೆ, ಆಮೇಲೆ ಹಲ್ಲು ನಿದ್ದೆ ಹೋಗುತ್ತದೆ" ಎಂದರೆ ಸಾಕು.

ಮಕ್ಕಳ ದಂತಚಿಕಿತ್ಸೆಯಲ್ಲಿ ಹಲವು ವರ್ಷ ಕುರ್ಚಿಯ ಪಕ್ಕ ನಿಂತವಳಾಗಿ ಹೇಳುತ್ತಿದ್ದೇನೆ: ಮಗುವನ್ನು ನೋಯಿಸುವುದು ಸೂಜಿಗಿಂತ ಹೆಚ್ಚಾಗಿ ಅವಸರ. ಮರಗಟ್ಟಿಸುವ ಜೆಲ್ ಅನ್ನು ಒದ್ದೆ ವಸಡಿಗೆ ಹಚ್ಚಿದರೆ ಅದು ಜೊಲ್ಲಿನಲ್ಲಿ ಕರಗಿ ನಾಲಿಗೆಗೆ ಹರಿದುಹೋಗುತ್ತದೆ. ಮೊದಲು ಹತ್ತಿಯಿಂದ ವಸಡನ್ನು ಒರೆಸಿ, ಹಚ್ಚಿದ ಮೇಲೆ ಒಂದೆರಡು ನಿಮಿಷ ಕಾಯಲೇಬೇಕು. ಇಂಜೆಕ್ಷನ್ ಔಷಧವನ್ನು ಜೋರಾಗಿ ಒತ್ತಿದರೆ ದ್ರವವು ಒಳಗಿನ ಅಂಗಾಂಶವನ್ನು ಹಿಗ್ಗಿಸುತ್ತದೆ, ಮಗುವಿನ ಕಾಲ್ಬೆರಳುಗಳು ಮುದುಡುವುದು ಆಗಲೇ. ಸಿರಿಂಜಿನೊಳಗೆ ಕೂರಿಸುವ ಪುಟ್ಟ ಔಷಧದ ಕೊಳವೆಯಾದ ಒಂದು ಕಾರ್ಟ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ 1.8 ಮಿಲಿ ಔಷಧವಿರುತ್ತದೆ. ನಿಮಿಷಕ್ಕೆ 1 ಮಿಲಿಯಂತೆ ಬಿಟ್ಟರೆ ಪೂರ್ತಿ ಮುಗಿಯಲು ಹತ್ತಿರ ಹತ್ತಿರ ಎರಡು ನಿಮಿಷ ಬೇಕು. ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ಅಷ್ಟು ಬೇಕಾಗುವುದೂ ಇಲ್ಲ. ಅಂಗುಳಿನಲ್ಲಿ ಮಾತ್ರ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಎಷ್ಟೇ ನಿಧಾನವಾಗಿ ಕೊಟ್ಟರೂ ನೋವು ತುಸು ಹೆಚ್ಚೇ.

ಮರಗಟ್ಟುವಿಕೆ ಹೆಚ್ಚು ಹೊತ್ತು ಉಳಿಯಲೆಂದು ಅಡ್ರಿನಲಿನ್ ಸೇರಿಸಿದ ಔಷಧ ಆಮ್ಲೀಯವಾಗಿರುವುದರಿಂದ ಉರಿಯುತ್ತದೆ, ಕೆಲವರು ಅದಕ್ಕೆ ಆಮ್ಲೀಯತೆ ತಗ್ಗಿಸುವ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಆ ಉರಿ ತಗ್ಗಿಸುತ್ತಾರೆ. ಚುಚ್ಚುವಾಗ ವೈದ್ಯರು ಕೆನ್ನೆಯನ್ನು ಹಿಡಿದು ಅಲ್ಲಾಡಿಸುವುದನ್ನು ನೋಡಿ ಒರಟುತನ ಎಂದುಕೊಳ್ಳಬೇಡಿ. ಪೆಟ್ಟಾದ ಮೊಣಕಾಲನ್ನು ನಾವು ಉಜ್ಜಿಕೊಳ್ಳುತ್ತೇವಲ್ಲ, ಇದೂ ಹಾಗೆಯೇ. ಸ್ಪರ್ಶದ ಸಂದೇಶವು ನೋವಿನ ಸಂದೇಶಕ್ಕೆ ಅಡ್ಡ ಬರುತ್ತದೆ ಎಂದು ನೋವಿನ ಬಗ್ಗೆ ಸಂಶೋಧನೆ ನಡೆಸಿದ ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದರು.

ನೀವು ಮಾಡಬೇಕಾದದ್ದು ಕಡಿಮೆ. ಜೆಲ್ ಹಚ್ಚಿ ಎಷ್ಟು ಹೊತ್ತು ಕಾಯುತ್ತೀರಿ ಎಂದು ಮೊದಲೇ ಕೇಳಿ. ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಒಳಗೆ ಹೋದ ಮೇಲೆ ಅವಳ ಕೈ ಹಿಡಿದು ಸುಮ್ಮನಿರಿ, ಮಾತು ಒಬ್ಬರದೇ ಇರಲಿ, ಅದು ವೈದ್ಯರದು. ಮನೆಯಲ್ಲಿ ಯಾರೂ "ತುಂಟತನ ಮಾಡಿದರೆ ಸೂಜಿ ಹಾಕಿಸುತ್ತೇನೆ" ಎನ್ನದಿರಲಿ (ಅಜ್ಜ ಅಜ್ಜಿಯರಿಗೂ ತಿಳಿಸಿ).

ಮನೆಗೆ ಬಂದ ಮೇಲೂ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ, ಅಲ್ಲಿಯವರೆಗೆ ಅಗಿಯುವಂಥದ್ದೇನೂ ಕೊಡಬೇಡಿ, ತುಟಿ ಕಚ್ಚದಂತೆ ಕಣ್ಣಿಟ್ಟಿರಿ. ಮರುದಿನ ಬೆಳ್ಳಗೆ ಊದಿದ ತುಟಿಯನ್ನು ಕಂಡು ಕೀವಾಯಿತೆಂದು ಓಡಿಬಂದ ತಾಯಂದಿರು ಎಷ್ಟೋ ಮಂದಿ. ನೋಡಿದರೆ ಅದು ಮಗುವೇ ಕಚ್ಚಿಕೊಂಡ ಗಾಯ.