ಸೋಪ್‌ಸ್ಟಾಕಲ್ಲಿ ಬಯೋಡೀಸೆಲ್ ಮಾಡೋಕೋದ್ರೆ ಬರೀ ಸೋಪೇ ಆಗ್ತಿದೆ, ಏನ್ಮಾಡ್ಲಿ?

ಚಳ್ಳಕೆರೆ ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮೂರ ಹತ್ರದ ಎಣ್ಣೆ ರಿಫೈನರಿಲಿ ಕಾಸ್ಟಿಕ್ ಸೋಡಾ ಹಾಕಿದ್ಮೇಲೆ ಉಳಿಯುತ್ತಲ್ಲ ಕಂದು ಗಸಿ, ಸೋಪ್‌ಸ್ಟಾಕ್, ಅದು ಎರಡು ಕ್ಯಾನ್ ತಂದಿದ್ದೆ. ಹೋದ ವರ್ಷ ಬೋಂಡಾ ಕರಿದ ಎಣ್ಣೇಲಿ ಬಯೋಡೀಸೆಲ್ ಮಾಡಿ ಪಂಪ್‌ಸೆಟ್ ಓಡ್ಸಿದೀನಿ, ಅದೇ ಥರ ಮೆಥನಾಲ್‌ಗೆ ಕಾಸ್ಟಿಕ್ ಕರಗಿಸಿ ಇದಕ್ಕೂ ಹಾಕ್ದೆ, ಸ್ವಲ್ಪ ಹೊತ್ತಿಗೇ ಗಂಜಿ ಥರ ಗಟ್ಟಿಯಾಗಿ ಕೂತ್ಬಿಡ್ತು, ಗ್ಲಿಸರಿನ್ ಕೆಳಗೆ ಇಳೀಲೇ ಇಲ್ಲ. ಕಾಸ್ಟಿಕ್ ಕಮ್ಮಿ ಆಯ್ತಾ?

ಲ್ಯಾಬ್ ಭಟ್ರು, ಮಂಗಳೂರು:
ಜಾಸ್ತಿ ಹಾಕಿದ್ರೂ ಸೋಪೇ ಮಾರಾಯ್ರೇ. ಸೋಪ್‌ಸ್ಟಾಕ್ ಅಂದ್ರೆ ಸೋಪು, ನೀರು, ಜೊತೆಗೆ ಒಂದಿಷ್ಟು ಎಣ್ಣೆ, ಅಷ್ಟೆ. ಮೊದಲು ಅದನ್ನ 90 ಡಿಗ್ರಿಗೆ ಕಾಯಿಸಿ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸ್ಬೇಕು, ಆಗ ಸೋಪು ಒಡೆದು ಮೇಲೆ ಕಪ್ಪಗೆ ಆಸಿಡ್ ಆಯಿಲ್ ನಿಲ್ತದೆ. ಅದ್ರಲ್ಲಿ ಎಫ್‌ಎಫ್‌ಎ, ಅಂದ್ರೆ ಎಣ್ಣೆಯಿಂದ ಬಿಡಿಯಾಗಿರೋ ಫ್ಯಾಟಿ ಆಸಿಡ್, ಅರ್ಧಕ್ಕಿಂತ ಜಾಸ್ತಿಯೂ ಇರ್ತದೆ, ಕಾಸ್ಟಿಕ್ ರಿಯಾಕ್ಷನ್ ಸರಿ ನಡೀಬೇಕಾದ್ರೆ 1-2 ಪರ್ಸೆಂಟ್ ಒಳಗಿರ್ಬೇಕು, ಇಲ್ದಿದ್ರೆ ಅದು ಕಾಸ್ಟಿಕ್ ಜೊತೆ ಸೇರಿ ಸೋಪಾಗ್ತದೆ. ಹಾಗಾಗಿ ಇಲ್ಲಿ ಮೊದಲ ಸುತ್ತಿಗೆ ಕಾಸ್ಟಿಕ್ ಅಲ್ಲ, ಆಸಿಡ್ಡೇ ಕ್ಯಾಟಲಿಸ್ಟ್, ಅಂದ್ರೆ ರಿಯಾಕ್ಷನ್ ಓಡಿಸೂದು. ಮೆಥನಾಲ್ ಜೊತೆ 60 ಡಿಗ್ರಿ, ಗಂಟೆಗಟ್ಲೆ. ರಿಯಾಕ್ಷನ್ ಆಗ್ತಾ ನೀರು ಹುಟ್ತದೆ, ಆ ನೀರೇ ಮುಂದೆ ಹೋಗೋಕೆ ಬಿಡೂದಿಲ್ಲ, ಅದಕ್ಕೆ ನೀರು ತೆಗೆದು, ಹೊಸ ಮೆಥನಾಲ್ ಹಾಕಿ ಮತ್ತೊಂದು ಸುತ್ತು ಮಾಡ್ಬೇಕು. ಟೈಟ್ರೇಶನಲ್ಲಿ (ಆಸಿಡ್ ಎಷ್ಟಿದೆ ಅಂತ ಅಳೆಯೋ ಟೆಸ್ಟಲ್ಲಿ) ಎಫ್‌ಎಫ್‌ಎ ಇಳಿದದ್ದು ಕಂಡ್ಮೇಲೆ ಕಾಸ್ಟಿಕ್. ನಮ್ಮಲ್ಲಿ ಪಾಮ್ ಎಣ್ಣೆ ರಿಫೈನ್ ಮಾಡುವಾಗ ಉಳಿಯೋ ಪಿಎಫ್‌ಎಡಿ ಬರೋದು, ಅದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಫ್ಯಾಟಿ ಆಸಿಡ್ಡೇ, ಆದ್ರೆ ನಿಮ್ಮ ಗಸಿಗಿಂತ ಎಷ್ಟೋ ಕ್ಲೀನ್.

ಸವಿತಾ, ದಾವಣಗೆರೆ:
ತಮ್ಮಾ, ದಯವಿಟ್ಟು ಇದನ್ನ ಮನೆ ಹಿತ್ಲಲ್ಲಿ ಮಾಡ್ಬೇಡ. ಮೆಥನಾಲ್ 65 ಡಿಗ್ರಿಗೆ ಕುದಿಯುತ್ತೆ, ಹೊತ್ಕೊಂಡ್ರೆ ಹಗಲು ಬೆಳಕಲ್ಲಿ ಬೆಂಕಿ ಕಣ್ಣಿಗೇ ಕಾಣಲ್ಲ, ಆವಿ ಕುಡಿದ್ರೆ ಕಣ್ಣೇ ಹೋಗ್ಬೋದು. ಜೊತೆಗೆ ಕಾನ್ಸಂಟ್ರೇಟೆಡ್ ಆಸಿಡ್ ಬೇರೆ. ಸೋಪ್‌ಸ್ಟಾಕ್ ಒಡೆದಾಗ ಕೆಳಗೆ ನಿಲ್ಲೋ ಹುಳಿ ನೀರಿನ ಬಗ್ಗೆ ಯಾರೂ ಮಾತಾಡಲ್ಲ, ಅದನ್ನ ಸುಣ್ಣ ಹಾಕಿ ನ್ಯೂಟ್ರಲ್ ಮಾಡದೆ ಚರಂಡಿಗೆ ಬಿಟ್ರೆ ಊರ ಕೆರೆಗೇ ಹೋಗೋದು.

ಚಳ್ಳಕೆರೆ ಹುಡುಗ:
ಆಯ್ತಕ್ಕ, ಮನೇಲಿ ಮಾಡಲ್ಲ. ಭಟ್ರೇ, ಎರಡು ಸುತ್ತು ಆದ್ಮೇಲೆ ಬರೋದನ್ನ ನೇರ ಪಂಪ್‌ಸೆಟ್‌ಗೆ ಹಾಕ್ಬೋದಾ?

ಲ್ಯಾಬ್ ಭಟ್ರು, ಮಂಗಳೂರು:
ಬೇಡ. ಬಣ್ಣ ಕಪ್ಪೇ ಇರ್ತದೆ, ಅಂಟು ಉಳಿದಿರ್ತದೆ, ಫಿಲ್ಟರ್ ಕಟ್ತದೆ. ವ್ಯಾಕ್ಯೂಮಲ್ಲಿ ಡಿಸ್ಟಿಲ್ ಮಾಡಿ ಶುದ್ಧ ಮಾಡ್ಬೇಕು, ಆಸಿಡ್ ವ್ಯಾಲ್ಯೂ (ಉಳಿದ ಆಸಿಡ್ಡಿನ ಅಳತೆ) ಕೂಡ ಬಯೋಡೀಸೆಲ್‌ನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 15607 ಹೇಳೋ 0.50 ಒಳಗಿರ್ಬೇಕು, ಆ ಖರ್ಚು ಎರಡು ಕ್ಯಾನಿಗೆ ಹುಟ್ಟೂದಿಲ್ಲ. ಹಾಸನದ ಮಡೆನೂರಲ್ಲಿ ಕೃಷಿ ವಿವಿಯ ಬಯೋಫ್ಯುಯೆಲ್ ಪಾರ್ಕ್ ಉಂಟಲ್ಲ, ಒಂದ್ಸಲ ಅಲ್ಲಿಗೆ ಹೋಗಿ ಕೇಳಿ. ಅಲ್ಲಿವರೆಗೆ ಬೋಂಡಾ ಎಣ್ಣೆ ಬಿಡ್ಬೇಡಿ.