ಅಪ್‌ಡೇಟ್: ಅಮ್ಮನ ಹೆಬ್ಬೆರಳ ನೋವಿಗೆ ಮನೆಯಲ್ಲೇ ಮಾಡಿದ ಆಸರೆಗಳು

ಅಮ್ಮನ ಹೆಬ್ಬೆರಳ ಬುಡದ ಕೀಲು ಸವೆದು ಸೌಟು ಹಿಡಿಯುವುದೂ ಕಷ್ಟವಾಗಿದೆ, ಮನೆಯಲ್ಲೇ ಏನಾದರೂ ಆಸರೆ ಮಾಡಿಕೊಡಬಹುದೇ ಎಂದು 2 ತಿಂಗಳ ಹಿಂದೆ ಕೇಳಿದ್ದೆ. ಹಿಡಿಗಳನ್ನು ದಪ್ಪ ಮಾಡಿ ಎಂದು ಹಲವರು ಹೇಳಿದಿರಿ. ಅದೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು.

ಹಳೆಯ ಸೈಕಲ್ ಟ್ಯೂಬನ್ನು ಸೋಪಿನ ನೀರಿನಲ್ಲಿ ತೊಳೆದು, ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಚಾಕುವಿನ ಹಿಡಿ ಅಂಗೈ ತುಂಬುವಷ್ಟು ದಪ್ಪವಾಗುವವರೆಗೆ ಸುತ್ತಿದೆ. ತೆಳುವಾದ ಹಿಡಿಯನ್ನು ಬೆರಳ ತುದಿಗಳಿಂದ ಚಿವುಟಿ ಹಿಡಿದಾಗ ಆ ಒತ್ತಡ ಹೆಬ್ಬೆರಳ ಬುಡದಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಹಿಡಿ ದಪ್ಪವಾದರೆ ಆ ಭಾರವನ್ನು ಇಡೀ ಅಂಗೈ ಹಂಚಿಕೊಳ್ಳುತ್ತದೆ. ಒಲೆಯ ಬಿಸಿಗೆ ರಬ್ಬರ್ ವಾಸನೆ ಬಂದದ್ದರಿಂದ ಸೌಟಿಗೆ ಮಾತ್ರ ಹಳೆಯ ಹತ್ತಿ ಸೀರೆಯ ಪಟ್ಟಿಯನ್ನು ಸುತ್ತಿ, ವಾರಕ್ಕೊಮ್ಮೆ ಬದಲಿಸುತ್ತಿದ್ದೇನೆ.

ನನ್ನ ಜಾಣತನ ಕೈಕೊಟ್ಟದ್ದು ಹೆಬ್ಬೆರಳಿಗೆ ಆಸರೆಯಾಗಿ ಕಟ್ಟುವ ಪಟ್ಟಿಯ ವಿಷಯದಲ್ಲಿ. ಐಸ್‌ಕ್ರೀಮ್ ಕಡ್ಡಿಗಳನ್ನಿಟ್ಟು ಕ್ರೇಪ್ ಬ್ಯಾಂಡೇಜ್ ಬಿಗಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಊದಿ ಜೋಮು ಹಿಡಿದವು, ಕೂಡಲೇ ಬಿಚ್ಚಿದೆ. ಆಸರೆ ಹೆಬ್ಬೆರಳ ಬುಡವನ್ನಷ್ಟೇ ಹಿಡಿದಿರಬೇಕು, ಉಳಿದ ಬೆರಳುಗಳು ಸಲೀಸಾಗಿ ಆಡುತ್ತಿರಬೇಕು, ದಿನವಿಡೀ ಕಟ್ಟಿಕೊಂಡರೆ ಸ್ನಾಯು ದುರ್ಬಲವಾಗುತ್ತದೆ ಎಂದು ಫಿಸಿಯೋಥೆರಪಿಸ್ಟ್ ತಿಳಿಸಿದರು. ಈಗ ಅವರೇ ಅಳತೆ ನೋಡಿ ಕೊಟ್ಟ ಪಟ್ಟಿಯನ್ನು ಅಮ್ಮ ಅಡುಗೆಯ ಹೊತ್ತಿನಲ್ಲಿ ಮಾತ್ರ ಧರಿಸುತ್ತಾರೆ.

ಡಬ್ಬಿಯ ಮುಚ್ಚಳಕ್ಕೆ ಅಗಲವಾದ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಅಂಗೈಯಿಂದ ಒತ್ತಿ ತಿರುಗಿಸಿದರೆ ತೆರೆಯುತ್ತದೆ. ಬಟ್ಟೆ ಹಿಂಡಲು ಕೈಗಳನ್ನು ತಿರುಚುವ ಬದಲು ನಲ್ಲಿಯ ಕೊರಳಿಗೆ ಸುತ್ತಿ ಎಳೆಯುವುದು ಅಮ್ಮನೇ ಕಂಡುಕೊಂಡ ಉಪಾಯ. ತೆಂಗಿನಕಾಯಿ ತುರಿಯುವುದಕ್ಕೆ ಮಾತ್ರ ಯಾವ ಉಪಾಯವೂ ಒದಗಲಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ.